ಆದಮೇಲೆ ಮತ್ತು ಆದುದರಿಂದ

(ಬಾನುಲಿ ಭಾಷಣ)



ಕನ್ನಡದ ಅಧ್ಯಾಪಕನಿಗೆ ‘ಮಾತ್ರೆ’ ಎಂಬುದು ಹೊಸ ಮಾತಲ್ಲ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮೂರು ದಶಕಗಳಿಗೂ ಮಿಕ್ಕಿ ತರಗತಿಗಳಲ್ಲಿ ಮಾತ್ರೆಗಳನ್ನು ಎಣಿಸಿ ನಿವೃತ್ತನಾದವನು ನಾನು. ನಿವೃತ್ತಿಯ ತರುವಾಯವೂ ಎಣಿಕೆ ನಿಂತಿಲ್ಲ. ಎಣಿಸುವ ವಸ್ತು ಬೇರೆಯಾಗಿದೆ, ಅಷ್ಟೆ. ರಕ್ತದೊತ್ತಡಕ್ಕೆ ಒಂದು, ಸಕ್ಕರೆಗೆ ಎರಡು, ಕೊಲೆಸ್ಟ್ರಾಲಿಗೆ ಒಂದು. ಅರುವತ್ತು ದಾಟಿದವರಿರುವ ಮನೆಗಳಲ್ಲಿ ಇದೇ ಈಗ ನಿತ್ಯದ ಛಂದಸ್ಸು. ಇವುಗಳಲ್ಲಿ ರಕ್ತದೊತ್ತಡದ ಮಾತ್ರೆಯನ್ನು ಕುರಿತು ಯಾರೂ ಹೆಚ್ಚು ತಕರಾರು ತೆಗೆಯುವುದಿಲ್ಲ. ಕೊಲೆಸ್ಟ್ರಾಲಿನ ಮಾತ್ರೆಯ ಹೆಸರೆತ್ತಿದರೆ ಮಾತ್ರ, ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತವರೆಲ್ಲರಿಗೂ ಒಂದೊಂದು ಅಭಿಪ್ರಾಯ, ಒಂದೊಂದು ಭಯ.

ಆ ಭಯಗಳನ್ನು ಪಟ್ಟಿ ಮಾಡುವುದು ಕಷ್ಟವಲ್ಲ. ಈ ಮಾತ್ರೆಯಿಂದ ಮೈಕೈ ನೋಯುತ್ತದಂತೆ, ನಿಜವೆ? ಇಲ್ಲದ ಸಕ್ಕರೆ ಕಾಯಿಲೆ ಬರುತ್ತದಂತೆ, ಹೌದೆ? ಯಕೃತ್ತು ಕೆಡುವುದಿಲ್ಲವೆ? ಮರೆವು ಹೆಚ್ಚುವುದಿಲ್ಲವೆ? ಬೇರೆ ಔಷಧಗಳೊಡನೆ ಸೇವಿಸಬಹುದೆ? ಹೊತ್ತು ಯಾವುದು, ಪಥ್ಯವೇನು? ಇವೆಲ್ಲಕ್ಕೂ ಕೊನೆಯಲ್ಲಿ, ಸ್ವಲ್ಪ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದುಂಟು: ಇದನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ?

ನಾನು ವೈದ್ಯನಲ್ಲ. ಯಾರ ಔಷಧವನ್ನೂ ಹೆಚ್ಚಿಸುವ, ತಗ್ಗಿಸುವ ಅಧಿಕಾರ ನನಗಿಲ್ಲ. ಆದರೆ ಈ ಪ್ರಶ್ನೆಗಳಲ್ಲಿ ವೈದ್ಯಶಾಸ್ತ್ರ ಎಷ್ಟಿದೆಯೋ ಭಾಷೆಯ ವಿಚಾರವೂ ಹೆಚ್ಚುಕಡಿಮೆ ಅಷ್ಟೇ ಇದೆಯೆಂದು ನನಗೆ ತೋರಿದೆ. ಕನ್ನಡದಲ್ಲಿ ‘ಆದಮೇಲೆ’ ಎಂಬ ಒಂದು ಮಾತಿದೆ, ‘ಆದುದರಿಂದ’ ಎಂಬ ಇನ್ನೊಂದು ಮಾತಿದೆ. ಮೊದಲನೆಯದು ಕಾಲವನ್ನು ಹೇಳುತ್ತದೆ, ಎರಡನೆಯದು ಕಾರಣವನ್ನು ಹೇಳುತ್ತದೆ. ‘ಮಾತ್ರೆ ನುಂಗಿದ ಮೇಲೆ ನೋವು ಬಂತು’ ಎಂಬುದು ಒಂದು ವಾಕ್ಯ. ‘ಮಾತ್ರೆ ನುಂಗಿದ್ದರಿಂದ ನೋವು ಬಂತು’ ಎಂಬುದು ಪೂರ್ತಿ ಬೇರೆಯ ವಾಕ್ಯ. ನಡುವಿನ ಅಂತರ ಒಂದು ಪ್ರತ್ಯಯದ್ದು. ಆದರೆ ಆ ಒಂದು ಪ್ರತ್ಯಯದ ಮೇಲೆ ಕೆಲವೊಮ್ಮೆ ಒಂದು ಜೀವವೇ ನಿಂತಿರುತ್ತದೆ.

ಮೊದಲು ಕೊಲೆಸ್ಟ್ರಾಲ್ ಎಂಬ ಹೆಸರನ್ನೇ ನೋಡೋಣ. ಕನ್ನಡದ ಕಿವಿಗೆ ಅದು ‘ಕೊಲೆ’ಯಿಂದಲೇ ಆರಂಭವಾಗುತ್ತದೆ, ಅಪಕೀರ್ತಿಗೆ ಅಷ್ಟು ಸಾಕು. ವಸ್ತುತಃ ಆ ಹೆಸರಿನ ಮೂಲ ಗ್ರೀಕ್. ಪಿತ್ತ ಎಂಬ ಅರ್ಥದ ಒಂದು ಪದ, ಘನ ಎಂಬ ಅರ್ಥದ ಇನ್ನೊಂದು ಪದ ಕೂಡಿ ಅದಾಗಿದೆ. ಹದಿನೆಂಟನೆಯ ಶತಮಾನದಲ್ಲಿ ಪಿತ್ತಕೋಶದ ಕಲ್ಲುಗಳಲ್ಲಿ ಮೊದಲು ಕಂಡ ವಸ್ತುವಾದುದರಿಂದ ಅದಕ್ಕೆ ಆ ಹೆಸರು. ಅದು ವಿಷವಲ್ಲ. ದೇಹದ ಜೀವಕೋಶಗಳ ಪೊರೆಗೆ ಅದು ಬೇಕು, ಪಿತ್ತರಸಕ್ಕೆ ಬೇಕು, ಹಲವು ಹಾರ್ಮೋನುಗಳಿಗೂ ಡಿ ಜೀವಸತ್ತ್ವಕ್ಕೂ ಅದೇ ಮೂಲದ್ರವ್ಯ. ನಾವು ತಿನ್ನುವುದಷ್ಟೇ ಅಲ್ಲ, ದೇಹ ತಾನೇ ಅದನ್ನು ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯಲ್ಲಿ ಯಕೃತ್ತಿನ ಪಾಲು ದೊಡ್ಡದು. ತೊಂದರೆ ಬರುವುದು ಅದು ಮಿತಿಮೀರಿದಾಗ. ಎಲ್‌ಡಿಎಲ್ ಎಂಬ ಕಣಗಳ ರೂಪದಲ್ಲಿ ರಕ್ತದಲ್ಲಿ ಅದು ಹೆಚ್ಚಾಗಿ ವರ್ಷಗಟ್ಟಲೆ ಸುತ್ತುತ್ತಿದ್ದರೆ, ರಕ್ತನಾಳಗಳ ಒಳಗೋಡೆಯಲ್ಲಿ ಸೇರಿಕೊಂಡು ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಆ ದಾರಿ ಹೃದಯದಲ್ಲಿ ಮುಚ್ಚಿದರೆ ಹೃದಯಾಘಾತ, ಮಿದುಳಿನಲ್ಲಿ ಮುಚ್ಚಿದರೆ ಪಾರ್ಶ್ವವಾಯು.

ಇದನ್ನು ತಗ್ಗಿಸುವ ಮಾತ್ರೆಗಳಿಗೆ ಸ್ಟಾಟಿನ್ ಎಂಬುದು ಕುಲನಾಮ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್, ಸಿಮ್ವಾಸ್ಟಾಟಿನ್ ಮೊದಲಾದವು ಆ ಕುಲದ ವ್ಯಕ್ತಿನಾಮಗಳು. ಇವುಗಳ ಹುಟ್ಟಿನ ಕಥೆ ಸ್ವಾರಸ್ಯವಾದದ್ದು. ಜಪಾನಿನ ರೈತ ಕುಟುಂಬವೊಂದರಲ್ಲಿ ಹುಟ್ಟಿದ ಅಕಿರಾ ಎಂಡೊ ಎಂಬ ವಿಜ್ಞಾನಿ, ಪೆನಿಸಿಲಿನ್ ಬೂಷ್ಟಿನಿಂದ ಬಂದಂತೆ ಕೊಲೆಸ್ಟ್ರಾಲಿನ ತಯಾರಿಕೆಯನ್ನು ತಡೆಯುವ ದ್ರವ್ಯವೂ ಬೂಷ್ಟಿನಲ್ಲೇ ಸಿಕ್ಕೀತು ಎಂದು ಊಹಿಸಿ, 1971ರಿಂದ ಸುಮಾರು 6,000 ಬಗೆಯ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1973ರಲ್ಲಿ, ಅಕ್ಕಿಯಲ್ಲಿ ಬೆಳೆದಿದ್ದ ನೀಲಿ ಹಸಿರು ಬೂಷ್ಟೊಂದರಲ್ಲಿ ಅವರಿಗೆ ಅದು ದೊರೆಯಿತು. ಅದೇ ದಾರಿಯಲ್ಲಿ ಮುಂದುವರಿದು ಬಂದ ಲೋವಾಸ್ಟಾಟಿನ್ ಎಂಬ ಔಷಧಕ್ಕೆ 1987ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎಂಡೊ ಅವರು 2024ರಲ್ಲಿ ತೀರಿಕೊಂಡರು. ಸ್ಟಾಟಿನ್ ಮಾಡುವ ಕೆಲಸ ಸರಳವಾದದ್ದು: ಕೊಲೆಸ್ಟ್ರಾಲನ್ನು ತಯಾರಿಸುವಲ್ಲಿ ಯಕೃತ್ತಿಗೆ ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಮನೆಯಲ್ಲಿ ಅಡುಗೆ ಕಡಿಮೆಯಾದರೆ ಹೊರಗಿನಿಂದ ತರಿಸಿಕೊಳ್ಳುವಂತೆ, ಯಕೃತ್ತು ಆಗ ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಹೆಚ್ಚು ಹೆಚ್ಚಾಗಿ ತನ್ನೊಳಗೆ ಸೆಳೆದುಕೊಳ್ಳುತ್ತದೆ. ರಕ್ತ ಅಷ್ಟರಮಟ್ಟಿಗೆ ಹಗುರವಾಗುತ್ತದೆ.

ಇದರಿಂದ ಪ್ರಯೋಜನವಾಗುವುದೇ ಎಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ಬಂದದ್ದು 1994ರಲ್ಲಿ. ಸ್ಕ್ಯಾಂಡಿನೇವಿಯದ ದೇಶಗಳಲ್ಲಿ ಹೃದ್ರೋಗವಿದ್ದ 4,444 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಿಮ್ವಾಸ್ಟಾಟಿನ್ ಮಾತ್ರೆಯನ್ನೂ ಇನ್ನೊಂದು ಗುಂಪಿಗೆ ನೋಡಲು ಅದರಂತೆಯೇ ಇದ್ದ ಔಷಧವಿಲ್ಲದ ಹುಸಿಮಾತ್ರೆಯನ್ನೂ ಐದು ವರ್ಷಗಳಿಗೂ ಮಿಕ್ಕಿ ಕೊಟ್ಟು ನೋಡಿದರು. ಔಷಧ ಸೇವಿಸಿದವರಲ್ಲಿ ಸಾವಿನ ಸಂಭವ ಶೇಕಡ 30ರಷ್ಟು ಕಡಿಮೆಯಿತ್ತು. ಇಲ್ಲಿ ಗಮನಿಸಬೇಕಾದುದು ಆ ಹುಸಿಮಾತ್ರೆಯನ್ನು. ‘ಮೇಲೆ’ಯನ್ನೂ ‘ಇಂದ’ವನ್ನೂ ಬೇರ್ಪಡಿಸಲು ವಿಜ್ಞಾನ ಕಂಡುಕೊಂಡ ಸಾಧನವೇ ಅದು.

ನಮ್ಮ ಹಿರಿಯರಿಗೂ ಈ ತೊಡಕು ಗೊತ್ತಿಲ್ಲದೆ ಇರಲಿಲ್ಲ. ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತಿತು, ತಾಳೆಯ ಹಣ್ಣು ಬಿತ್ತು. ಕಾಗೆ ಕುಳಿತದ್ದರಿಂದಲೇ ಬಿತ್ತೆನ್ನಬಹುದೆ? ಇದಕ್ಕೆ ಅವರು ಕಾಕತಾಳೀಯ ನ್ಯಾಯವೆಂದು ಹೆಸರಿಟ್ಟರು. ಅರುವತ್ತರ ವಯಸ್ಸಿನಲ್ಲಿ ಮೊಣಕಾಲು, ಮೀನಖಂಡ, ಸೊಂಟ ಇವು ಯಾವ ಮಾತ್ರೆಯನ್ನೂ ಕಾಯದೆ ತಾವೇ ನೋಯುತ್ತವೆ. ಅದೇ ವಯಸ್ಸಿನಲ್ಲಿಯೇ ವೈದ್ಯರು ಸ್ಟಾಟಿನ್ ಬರೆಯುವುದೂ ಹೆಚ್ಚು. ಹಣ್ಣಾದ ಮರ, ಬಂದು ಕುಳಿತ ಕಾಗೆ: ಎರಡೂ ಒಂದೇ ಹೊತ್ತಿನಲ್ಲಿ ಕೂಡಿದರೆ ಆಶ್ಚರ್ಯವೇನು?

ಇದು ಬರಿಯ ತರ್ಕವಲ್ಲ; ಲೆಕ್ಕ ಹಾಕಿ ನೋಡಿದ್ದಾರೆ. ಸ್ಟಾಟಿನ್ನನ್ನು ಹುಸಿಮಾತ್ರೆಯೊಡನೆ ಹೋಲಿಸಿದ 19 ಪ್ರಯೋಗಗಳ, ಒಟ್ಟು ಸುಮಾರು 1,24,000 ಮಂದಿಯ ವಿವರಗಳನ್ನು ಕೂಡಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಸ್ಟಾಟಿನ್ ಸೇವಿಸಿದವರಲ್ಲಿ ಸ್ನಾಯುಗಳ ನೋವು ಅಥವಾ ನಿಶ್ಶಕ್ತಿಯೆಂದು ಹೇಳಿಕೊಂಡವರು ಶೇಕಡ 27.1, ಹುಸಿಮಾತ್ರೆ ಸೇವಿಸಿದವರಲ್ಲಿ ಹಾಗೆ ಹೇಳಿಕೊಂಡವರು ಶೇಕಡ 26.6. ಎಂದರೆ ನೋವು ನಾಲ್ವರಲ್ಲಿ ಒಬ್ಬರಿಗೆ ಬಂದದ್ದು ನಿಜ, ಆದರೆ ಔಷಧವಿಲ್ಲದವರಿಗೂ ಹೆಚ್ಚುಕಡಿಮೆ ಅಷ್ಟೇ ಬಂದಿತ್ತು. ಔಷಧದಿಂದಲೇ ಹುಟ್ಟಿದ ನೋವು ಕಂಡದ್ದು ಮುಖ್ಯವಾಗಿ ಮೊದಲ ವರ್ಷದಲ್ಲಿ, ಸಾವಿರ ಜನರಲ್ಲಿ ಸುಮಾರು 11 ಮಂದಿಗೆ. ಆ ಮೊದಲ ವರ್ಷದಲ್ಲಿಯೂ ಸ್ಟಾಟಿನ್ ಸೇವಿಸುತ್ತ ನೋವೆಂದವರಲ್ಲಿ ಸುಮಾರು 15 ಮಂದಿಗೆ ಒಬ್ಬರ ನೋವಿಗೆ ಮಾತ್ರ ಔಷಧ ಕಾರಣವಾಗಿತ್ತು.

ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇದಕ್ಕಿಂತ ಸೋಜಿಗದ್ದು. ತೊಂದರೆಯಾಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಹನ್ನೆರಡು ತಿಂಗಳಿಗೆಂದು ಹನ್ನೆರಡು ಸೀಸೆಗಳನ್ನು ಕೊಟ್ಟರು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಹುಸಿಮಾತ್ರೆ, ನಾಲ್ಕು ಖಾಲಿ. ಪ್ರತಿದಿನವೂ ತಮ್ಮ ನೋವಿಗೆ ಅವರೇ ಅಂಕ ಕೊಡಬೇಕು. ಏನೂ ನುಂಗದ ತಿಂಗಳುಗಳಲ್ಲಿ ಸರಾಸರಿ ಅಂಕ 8ರಷ್ಟಿತ್ತು. ಸ್ಟಾಟಿನ್ನಿನ ತಿಂಗಳುಗಳಲ್ಲಿ 16ಕ್ಕೆ ಏರಿತು. ಆದರೆ ಹುಸಿಮಾತ್ರೆಯ ತಿಂಗಳುಗಳಲ್ಲಿಯೂ ಅದು 15ನ್ನು ಮೀರಿತ್ತು! ತೊಂದರೆಯ ಹತ್ತರಲ್ಲಿ ಒಂಬತ್ತು ಪಾಲು ಔಷಧದ್ದಲ್ಲ, ಮಾತ್ರೆ ನುಂಗುತ್ತಿದ್ದೇನೆ ಎಂಬ ಅರಿವಿನದು. ತಮ್ಮದೇ ಲೆಕ್ಕವನ್ನು ತಾವೇ ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಔಷಧವನ್ನು ಮತ್ತೆ ಆರಂಭಿಸಿದರು.

ಇಲ್ಲಿ ಒಂದು ಎಚ್ಚರ ಬೇಕು. ‘ನಿಮ್ಮ ನೋವೆಲ್ಲ ಬರಿಯ ಭ್ರಮೆ’ ಎಂದು ಯಾರಾದರೂ ಈ ಪ್ರಯೋಗದ ಅರ್ಥ ಹೇಳಿದರೆ ಅದು ತಪ್ಪಾದ ಅರ್ಥ. ಅಂಜಿಕೆಯಿಂದ ಬಾಯಿ ಒಣಗುವುದು ಸುಳ್ಳೆ? ನಾಚಿಕೆಯಿಂದ ಮುಖ ಕೆಂಪೇರುವುದು ಸುಳ್ಳೆ? ನೋವು ನೋವೇ. ಪ್ರಶ್ನೆಯಿರುವುದು ಅದರ ಮೂಲ ಯಾವುದೆಂಬುದರಲ್ಲಿ ಮಾತ್ರ. ನೋವನ್ನು ಹೇಳಿಕೊಂಡ ರೋಗಿಯನ್ನು ನಕ್ಕು ಕಳುಹಿಸುವ ವೈದ್ಯರು, ಆತ ಮುಂದಿನ ಸಲ ಬಾಯಿಬಿಡದಂತೆ ಮಾಡುತ್ತಾರೆ. ಅದರ ಅಪಾಯವೇನೆಂಬುದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಕಾಗೆಯ ಭಾರಕ್ಕೇ ಹಣ್ಣು ಬೀಳುವುದೂ ಉಂಟು. ಈ ಕುಲದ್ದೇ ಆದ ಸೆರಿವಾಸ್ಟಾಟಿನ್ ಎಂಬ ಔಷಧವನ್ನು 2001ರಲ್ಲಿ ಅದರ ತಯಾರಕರು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ಸೇವಿಸಿದ ಕೆಲವರಲ್ಲಿ ಸ್ನಾಯುಗಳು ಕರಗಿ, ಆ ಕಸ ಮೂತ್ರಪಿಂಡಗಳನ್ನು ಕಟ್ಟಿ, ಸಾವುಗಳು ಸಂಭವಿಸಿದ್ದವು. ದೊಡ್ಡ ಪ್ರಮಾಣದಲ್ಲಿ ಸೇವಿಸಿದವರಲ್ಲಿ, ಅದಕ್ಕಿಂತ ಹೆಚ್ಚಾಗಿ ಜೆಮ್‌ಫೈಬ್ರೊಜಿಲ್ ಎಂಬ ಇನ್ನೊಂದು ಕೊಬ್ಬಿಳಿಸುವ ಔಷಧದೊಡನೆ ಕೂಡಿಸಿ ಸೇವಿಸಿದವರಲ್ಲಿ, ಈ ಆಪತ್ತು ಕಂಡುಬಂತು. ಇಂದು ಬಳಕೆಯಲ್ಲಿರುವ ಸ್ಟಾಟಿನ್‌ಗಳಲ್ಲಿ ಅಂಥದ್ದು ಅತಿ ವಿರಳ. ವಿರಳವೆಂದರೆ ಇಲ್ಲವೆಂದಲ್ಲ. ಆದ್ದರಿಂದ ಎರಡು ತೊಡೆಗಳಲ್ಲಿ, ಭುಜಗಳಲ್ಲಿ ತಡೆಯಲಾರದ ನೋವು ಮತ್ತು ನಿಶ್ಶಕ್ತಿ, ಅದರೊಡನೆ ಕಡುಗಂದು ಬಣ್ಣದ ಮೂತ್ರ, ಇವು ಕಂಡರೆ ತರ್ಕ ಮಾಡುತ್ತ ಕೂಡಬಾರದು; ಮಾತ್ರೆಯನ್ನು ನಿಲ್ಲಿಸಿ ಅಂದೇ ವೈದ್ಯರ ಬಳಿಗೆ ಹೋಗಬೇಕು. ಕಣ್ಣು ಮತ್ತು ಮೂತ್ರ ಹಳದಿಯಾಗಿ ಹಸಿವು ಇಂಗಿಹೋದರೂ ಹಾಗೆಯೇ.

ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಲೆಕ್ಕವೊಂದು 2016ರಲ್ಲಿ ಪ್ರಕಟವಾಯಿತು. ಈಗಾಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆಯುಳ್ಳ 10,000 ಮಂದಿಗೆ ಪರಿಣಾಮಕಾರಿಯಾದ ಪ್ರಮಾಣದಲ್ಲಿ ಐದು ವರ್ಷ ಸ್ಟಾಟಿನ್ ಕೊಟ್ಟರೆ ಸುಮಾರು 1,000 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ದೊಡ್ಡ ಆಪತ್ತುಗಳು ತಪ್ಪುತ್ತವೆ. ಅದೇ 10,000 ಮಂದಿಯಲ್ಲಿ ಸುಮಾರು 5 ಮಂದಿಗೆ ಸ್ನಾಯುಗಳ ನಿಜವಾದ ಕಾಯಿಲೆ, 50ರಿಂದ 100 ಮಂದಿಗೆ ಹೊಸದಾಗಿ ಮಧುಮೇಹ, 5ರಿಂದ 10 ಮಂದಿಗೆ ಮಿದುಳಿನ ರಕ್ತಸ್ರಾವ ಆಗಬಹುದು. ಲಾಭವೂ ಇದೆ, ನಷ್ಟವೂ ಇದೆ, ಎರಡೂ ಸಮವಲ್ಲ.

ಮಧುಮೇಹದ ಮಾತು ಬಂತು. ಸ್ಟಾಟಿನ್ ರಕ್ತದ ಸಕ್ಕರೆಯನ್ನು ತುಸು ಏರಿಸುವುದು ನಿಜ; ದೊಡ್ಡ ಪ್ರಮಾಣದ ಸೇವನೆಯಲ್ಲಿ ಇದು ಹೆಚ್ಚು. ಆದರೆ ಹೀಗೆ ಮಧುಮೇಹಿಗಳಾಗುವವರಲ್ಲಿ ಹೆಚ್ಚಿನವರು ಮೊದಲೇ ಆ ಕಾಯಿಲೆಯ ಹೊಸ್ತಿಲ ಬಳಿ ನಿಂತಿದ್ದವರು. ಮಧುಮೇಹ ಇರುವವರಿಗೆ ಹೃದಯಾಘಾತದ ಸಂಭವ ಹೆಚ್ಚಾದುದರಿಂದಲೇ ವೈದ್ಯರು ಅವರಿಗೆ ಈ ಮಾತ್ರೆಯನ್ನು ಕೊಡುವುದು. ಆದ್ದರಿಂದ ಆಗಾಗ ಸಕ್ಕರೆಯ ಪರೀಕ್ಷೆ ಮಾಡಿಸಿಕೊಂಡು ನಡೆಯುವುದು ಸರಿಯಾದ ದಾರಿ. ಸಕ್ಕರೆಗೆ ಹೆದರಿ ಹೃದಯವನ್ನು ಕೈಬಿಡುವುದು ಸರಿಯಲ್ಲ. ಯಕೃತ್ತಿನ ವಿಷಯದಲ್ಲಿ, ಔಷಧ ಆರಂಭಿಸುವ ಮುನ್ನ ಒಮ್ಮೆ, ಅನಂತರ ಲಕ್ಷಣಗಳೇನಾದರೂ ಕಂಡಾಗ ರಕ್ತಪರೀಕ್ಷೆ ಮಾಡಿದರೆ ಸಾಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ತನ್ನ ಸಲಹೆಯನ್ನು ಬದಲಿಸಿತು. ಗಂಭೀರವಾದ ಹಾನಿ ಅಷ್ಟು ಅಪರೂಪವೆಂದು ಕಂಡುಬಂದಿತ್ತು. ಮರೆವಿನ ಮಾತನ್ನು ಹೇಳುವುದಾದರೆ, 20,536 ಮಂದಿಯನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಬ್ರಿಟನ್ನಿನ ಪ್ರಯೋಗದಲ್ಲಿ ಸ್ಟಾಟಿನ್ ಸೇವಿಸಿದವರಿಗೂ ಸೇವಿಸದವರಿಗೂ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ನಮ್ಮ ಅಭ್ಯಾಸಕ್ಕೆ ವಯಸ್ಸೊಂದೇ ಸಾಕು.

ಇನ್ನು ಔಷಧಗಳ ಪರಸ್ಪರ ಒಡನಾಟ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ; ಇಲ್ಲಿ ‘ಇಂದ’ ಎಂಬ ಪ್ರತ್ಯಯ ನಿಜವಾಗಿ ಸಲ್ಲುತ್ತದೆ. ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್‌ಗಳನ್ನು ದೇಹದಿಂದ ಸಾಗಹಾಕುವ ಕಿಣ್ವವೊಂದುಂಟು. ಬೇರೆ ಕೆಲವು ಔಷಧಗಳು ಅದರ ಕೈಕಟ್ಟಿಹಾಕುತ್ತವೆ. ಆಗ ನುಂಗಿದ್ದು ಒಂದೇ ಮಾತ್ರೆಯಾದರೂ ರಕ್ತದಲ್ಲಿ ಹಲವು ಮಾತ್ರೆಗಳಷ್ಟು ಔಷಧ ನಿಲ್ಲುತ್ತದೆ. ಗಂಟಲು, ಎದೆಯ ಸೋಂಕಿಗೆ ಕೊಡುವ ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್ ಅಂಥವು. ಹುಳುಕಡ್ಡಿಗೆಂದು ವಾರಗಟ್ಟಲೆ ಸೇವಿಸುವ ಇಟ್ರಕೊನಜೋಲ್ ಅಂಥದು. ರಕ್ತದೊತ್ತಡಕ್ಕೆ ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಆಮ್ಲೊಡಿಪಿನ್ ಜೊತೆಗೆ ಸಿಮ್ವಾಸ್ಟಾಟಿನ್ ಸೇವಿಸುವವರು ದಿನಕ್ಕೆ 20 ಮಿಲಿಗ್ರಾಮನ್ನು ಮೀರಬಾರದೆಂಬ ನಿಯಮವಿದೆ. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವವರು ಸ್ಟಾಟಿನ್ ಆರಂಭಿಸಿದಾಗ, ಪ್ರಮಾಣ ಬದಲಿಸಿದಾಗ ರಕ್ತಪರೀಕ್ಷೆ ಮಾಡಿಸಬೇಕು. ಎದೆಯುರಿಗೆಂದು ಕುಡಿಯುವ, ಅಲ್ಯುಮಿನಿಯಂ ಮೆಗ್ನೀಸಿಯಂಗಳ ಬಿಳಿಯ ಔಷಧ ರೊಸುವಾಸ್ಟಾಟಿನ್ನನ್ನು ರಕ್ತಕ್ಕೆ ಪೂರ್ತಿಯಾಗಿ ಸೇರಗೊಡುವುದಿಲ್ಲವಾದುದರಿಂದ, ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಅದನ್ನು ಕುಡಿಯಬೇಕು. ಏಷ್ಯಾ ಮೂಲದವರ ರಕ್ತದಲ್ಲಿ ರೊಸುವಾಸ್ಟಾಟಿನ್ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ನಿಲ್ಲುತ್ತದೆಂದೂ, ಅಂಥವರಿಗೆ 5 ಮಿಲಿಗ್ರಾಮಿನಿಂದ ಆರಂಭಿಸುವುದು ತಕ್ಕುದೆಂದೂ ಅಮೆರಿಕದಲ್ಲಿ ಆ ಔಷಧದೊಡನೆ ಕೊಡುವ ವಿವರಣೆಯಲ್ಲಿ ಹೇಳಿದೆ. ಕಡಿಮೆ ಕೆಲಸ ಮಾಡುವ ಥೈರಾಯ್ಡ್ ಗ್ರಂಥಿಯು ಕೊಲೆಸ್ಟ್ರಾಲನ್ನೂ ಏರಿಸುತ್ತದೆ, ಸ್ನಾಯುಗಳ ತೊಂದರೆಯನ್ನೂ ಹೆಚ್ಚಿಸುತ್ತದೆ. ಅದನ್ನು ಮೊದಲು ನೋಡಿಸುವುದು ಒಳಿತು.

ಇಷ್ಟನ್ನೂ ರೋಗಿ ಬಾಯಿಪಾಠ ಮಾಡಬೇಕೆ? ಬೇಡ. ಒಂದೇ ಒಂದು ಅಭ್ಯಾಸ ಸಾಕು. ಹಲ್ಲಿನ ವೈದ್ಯರಾಗಲಿ, ಚರ್ಮದ ವೈದ್ಯರಾಗಲಿ, ನಾಡವೈದ್ಯರಾಗಲಿ, ಯಾರೇ ಹೊಸ ಔಷಧ ಕೊಟ್ಟರೂ ‘ನಾನು ಈ ಸ್ಟಾಟಿನ್ ಸೇವಿಸುತ್ತಿದ್ದೇನೆ’ ಎಂದು ಹೆಸರು ಮತ್ತು ಪ್ರಮಾಣ ಸಹಿತ ಹೇಳುವುದು. ಔಷಧದ ಅಂಗಡಿಯವರು ಬೇರೆ ಕಂಪನಿಯ ಪಟ್ಟಿಯನ್ನು ಕೈಗಿತ್ತಾಗ ಬಣ್ಣವನ್ನಲ್ಲ, ಸಣ್ಣಕ್ಷರದ ಮೂಲಹೆಸರನ್ನು ಓದುವುದು. ಓದಲಾಗದಿದ್ದರೆ ಮೊಮ್ಮಕ್ಕಳಿಂದ ಓದಿಸುವುದು. ‘ಇದು ಸಸ್ಯಮೂಲದ್ದು, ಸಹಜವಾದದ್ದು’ ಎಂಬ ಕಾರಣಕ್ಕೆ ಏನನ್ನೂ ಪಟ್ಟಿಯಿಂದ ಬಿಡಬಾರದು. ಚೀನಾದ ಕೆಂಪು ಹುದುಗಕ್ಕಿಯಿಂದ ಮಾಡಿ ಮಾರುವ ‘ಸಹಜ’ ಪುಡಿಗಳಲ್ಲಿರುವ ಮುಖ್ಯ ದ್ರವ್ಯ ಲೋವಾಸ್ಟಾಟಿನ್ನೇ; ಅದನ್ನೂ ಮಾತ್ರೆಯನ್ನೂ ಕೂಡಿಸಿ ಸೇವಿಸಿದವರು ತಿಳಿಯದೆ ಎರಡು ಸ್ಟಾಟಿನ್ ನುಂಗಿದಂತಾಯಿತು.

ಪಥ್ಯದ ಪ್ರಶ್ನೆಯಲ್ಲಿ ಭಾಷೆ ತಂದೊಡ್ಡಿದ ಒಂದು ಎಡವಟ್ಟನ್ನು ಹೇಳದೆ ಹೋಗಲಾರೆ. ಈ ಮಾತ್ರೆ ಸೇವಿಸುವವರು ದ್ರಾಕ್ಷಿ ತಿನ್ನಬಾರದೆಂಬ ಮಾತು ಹರಡಿದೆ. ಅದು ಅನುವಾದದ ಪ್ರಮಾದ. ಇಂಗ್ಲಿಷಿನ ಗ್ರೇಪ್‌ಫ್ರೂಟ್ ದ್ರಾಕ್ಷಿಯಲ್ಲ. ಅದು ಕಿತ್ತಳೆಯ ಬಳಗದ ಹಣ್ಣು, ನಮ್ಮ ದೇವನಹಳ್ಳಿಯ ಚಕ್ಕೋತದ ಹತ್ತಿರದ ನೆಂಟ. ಮೇಲೆ ಹೇಳಿದ ಕಿಣ್ವವನ್ನು ಅದರ ರಸವೂ ತಡೆಯುವುದರಿಂದ ಸಿಮ್ವಾಸ್ಟಾಟಿನ್ ಸೇವಿಸುವವರು ಅದನ್ನು ದೂರವಿಡಬೇಕು, ಅಟೊರ್ವಾಸ್ಟಾಟಿನ್ ಸೇವಿಸುವವರು ಹೆಚ್ಚಾಗಿ ಕುಡಿಯಬಾರದು. ರೊಸುವಾಸ್ಟಾಟಿನ್‌ಗೆ ಆ ಬಾಧಕವಿಲ್ಲ. ಚಕ್ಕೋತದಲ್ಲಿಯೂ ಆ ಜಾತಿಯ ದ್ರವ್ಯಗಳಿರುವುದರಿಂದ, ನಿತ್ಯ ತಿನ್ನುವವರು ವೈದ್ಯರನ್ನು ಕೇಳುವುದು ಮೇಲು. ದ್ರಾಕ್ಷಿ ಪಾಪ, ನಿರಪರಾಧಿ. ಹೊತ್ತಿನ ವಿಚಾರ ಹೀಗೆ: ಸಿಮ್ವಾಸ್ಟಾಟಿನ್ ದೇಹದಲ್ಲಿ ಅಲ್ಪಕಾಲ ನಿಲ್ಲುವ ಔಷಧ, ಕೊಲೆಸ್ಟ್ರಾಲಿನ ತಯಾರಿಕೆ ರಾತ್ರಿ ಹೆಚ್ಚು, ಆದ್ದರಿಂದ ಅದನ್ನು ರಾತ್ರಿಯೇ ಸೇವಿಸಬೇಕು. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಹೆಚ್ಚು ಹೊತ್ತು ನಿಲ್ಲುವುದರಿಂದ ಯಾವ ಹೊತ್ತಾದರೂ ಸರಿ, ಆದರೆ ನಿತ್ಯವೂ ಅದೇ ಹೊತ್ತಾದರೆ ಮರೆಯುವುದಿಲ್ಲ. ಗರ್ಭಿಣಿಯರೂ ಮೊಲೆಯೂಡುವ ತಾಯಂದಿರೂ ವೈದ್ಯರ ಸ್ಪಷ್ಟ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು. ಮಾತ್ರೆ ಇದೆಯೆಂಬ ಧೈರ್ಯದಿಂದ ತುಪ್ಪ, ಕರಿದ ತಿಂಡಿಗಳಿಗೆ ರಹದಾರಿ ಕೊಟ್ಟುಕೊಳ್ಳುವಂತೆಯೂ ಇಲ್ಲ.

ಈಗ ಆ ಕೊನೆಯ ಪ್ರಶ್ನೆ: ಬಿಟ್ಟುಬಿಟ್ಟರೆ ಏನಾಗುತ್ತದೆ? ನನ್ನ ಹಿರಿಯ ಸಹೋದ್ಯೋಗಿಗಳೊಬ್ಬರು, ಇತಿಹಾಸದ ಅಧ್ಯಾಪಕರು, ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡಿದ್ದರು. ಕೆಲವು ತಿಂಗಳಲ್ಲಿ ಮೀನಖಂಡಗಳು ನೋಯತೊಡಗಿದವು. ನೆಂಟರೊಬ್ಬರ ಮಾತು ಕೇಳಿ ಸ್ಟಾಟಿನ್ ನಿಲ್ಲಿಸಿದರು. ಮಡದಿಗೆ ಹೇಳಲಿಲ್ಲ, ವೈದ್ಯರಿಗೂ ಹೇಳಲಿಲ್ಲ. ತಪಾಸಣೆಗೆ ಹೋದಾಗ ‘ತಪ್ಪದೆ ತೆಗೆದುಕೊಳ್ಳುತ್ತಿದ್ದೀರಷ್ಟೆ?’ ಎಂದು ವೈದ್ಯರು ಕೇಳಿದರೆ ತಲೆಯಾಡಿಸಿದರು. ಎಲ್‌ಡಿಎಲ್ ಇಳಿಯದ್ದನ್ನು ಕಂಡ ವೈದ್ಯರು, ಪಾಪ, ಸೇವಿಸದ ಮಾತ್ರೆಯ ಪ್ರಮಾಣವನ್ನು ಎರಡು ಪಟ್ಟು ಮಾಡಿದರು! ಮರುವರ್ಷ ಅವರಿಗೆ ಎರಡನೆಯ ಹೃದಯಾಘಾತವಾಯಿತು. ದೈವಕೃಪೆ, ಬದುಕಿದರು; ಆದರೆ ಈಗ ಮನೆಯ ಮೆಟ್ಟಿಲನ್ನು ಎರಡು ಸಲ ನಿಂತು ಹತ್ತುತ್ತಾರೆ.

ಮಾತ್ರೆ ಬಿಟ್ಟ ಮೇಲೆ ಆಘಾತವಾಯಿತು. ಬಿಟ್ಟಿದ್ದರಿಂದಲೇ ಆಯಿತೆ? ಇಷ್ಟು ಹೊತ್ತು ಪಾಠ ಹೇಳಿದ ನಾನು ಇಲ್ಲಿ ನಿಯಮವನ್ನು ಮುರಿಯುವಂತಿಲ್ಲ. ಅವರೊಬ್ಬರ ವಿಷಯದಲ್ಲಿ ಹಾಗೆ ಹೇಳಲು ಬಾರದು. ಮಾತ್ರೆ ಸೇವಿಸುತ್ತಿದ್ದವರಿಗೂ ಎರಡನೆಯ ಆಘಾತ ಆಗುವುದುಂಟು. ಆದರೆ ಒಬ್ಬರ ಕಥೆ ಹೇಳಲಾರದ್ದನ್ನು ಸಾವಿರಾರು ಜನರ ಲೆಕ್ಕ ಹೇಳುತ್ತದೆ. ಸ್ಕ್ಯಾಂಡಿನೇವಿಯದ ಆ 4,444 ಮಂದಿಯ ಲೆಕ್ಕವೂ ಅದೇ. 2016ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ, ಪತ್ರಿಕೆಗಳಲ್ಲಿ ಸ್ಟಾಟಿನ್ ವಿರುದ್ಧ ಸುದ್ದಿ ಬಂದ ಬೆನ್ನಲ್ಲೇ ಬೇಗನೆ ಔಷಧ ಬಿಟ್ಟವರ ಸಂಖ್ಯೆ ಏರಿದ್ದೂ, ಹಾಗೆ ಬೇಗ ಬಿಟ್ಟವರಲ್ಲಿ ಹೃದಯಾಘಾತಗಳು ಹೆಚ್ಚಾಗಿದ್ದುದೂ ಕಂಡುಬಂದಿದೆ.

ನನ್ನನ್ನು ಹೆಚ್ಚು ಕಾಡುವುದು ಅವರು ಮಾತ್ರೆ ಬಿಟ್ಟರೆಂಬುದಲ್ಲ, ತಲೆಯಾಡಿಸಿದರೆಂಬುದು. ತಿಳಿಯದಿದ್ದರೂ ತಿಳಿಯಿತೆಂದು ತಲೆಯಾಡಿಸುವ ವಿದ್ಯಾರ್ಥಿಯನ್ನು ಪ್ರತಿಯೊಬ್ಬ ಅಧ್ಯಾಪಕನೂ ಬಲ್ಲ. ಅವನಿಗೆ ಮರ್ಯಾದೆಯ ಭಯ; ಅಧ್ಯಾಪಕನಿಗೆ ಹೊತ್ತಿನ ಅಭಾವ. ವೈದ್ಯರ ಕೊಠಡಿಯಲ್ಲಿಯೂ ನಡೆಯುವುದು ಇದೇ ನಾಟಕ. ಹೊರಗೆ ನಲವತ್ತು ಮಂದಿ ಕಾದಿರುವಾಗ ಎರಡು ನಿಮಿಷದಲ್ಲಿ ಏನು ಹೇಳುವುದು ಎಂಬ ಸಂಕೋಚ, ದೊಡ್ಡವರ ಮಾತಿಗೆ ಎದುರಾಡಬಾರದೆಂಬ ಸಂಸ್ಕಾರ, ಎರಡೂ ಕೂಡಿ ನಮ್ಮ ಬಾಯಿ ಕಟ್ಟುತ್ತವೆ. ಆದರೆ ನೋವು ನಿಜವಾಗಿ ಔಷಧದ್ದೇ ಆಗಿದ್ದರೆ ವೈದ್ಯರ ಬಳಿ ದಾರಿಗಳು ಎಷ್ಟೋ ಇವೆ. ಕೆಲವು ವಾರ ನಿಲ್ಲಿಸಿ, ಮತ್ತೆ ಆರಂಭಿಸಿ ನೋಡಬಹುದು. ನಿಂತಾಗ ನಿಂತು, ಆರಂಭಿಸಿದಾಗ ಮರಳಿದ ನೋವು ಮಾತ್ರೆಯದಾಗಿರುವ ಸಂಭವ ಹೆಚ್ಚು. ಪ್ರಮಾಣ ತಗ್ಗಿಸಬಹುದು, ಈ ಕುಲದ ಬೇರೊಂದನ್ನು ಕೊಡಬಹುದು, ದಿನ ಬಿಟ್ಟು ದಿನ ಸೇವಿಸಲು ಹೇಳಬಹುದು, ಎಜೆಟಿಮೈಬ್ ಎಂಬ ಬೇರೆ ಬಗೆಯ ಮಾತ್ರೆಯನ್ನು ಸೇರಿಸಬಹುದು, ಅಗತ್ಯ ಬಿದ್ದರೆ ಚುಚ್ಚುಮದ್ದುಗಳೂ ಬಂದಿವೆ. ಈ ಬಾಗಿಲುಗಳೆಲ್ಲ ತೆರೆಯುವುದು ನಾವು ಹೇಳಿದರೆ. ಮೌನವಾಗಿ ಬಿಟ್ಟವನಿಗೆ ಒಂದೂ ತೆರೆಯುವುದಿಲ್ಲ.

ಆದುದರಿಂದ, ಶ್ರೋತೃಗಳೆ, ವೈದ್ಯರಲ್ಲಿಗೆ ಹೋಗುವಾಗ ಒಂದು ಚೀಟಿ ಬರೆದು ಒಯ್ಯಿರಿ. ಮಾತ್ರೆ ಆರಂಭಿಸಿದ್ದು ಯಾವಾಗ, ನೋವು ಬಂದದ್ದು ಯಾವಾಗ, ಎಲ್ಲಿ. ಒಂದು ಕಾಲಿನಲ್ಲೋ ಎರಡರಲ್ಲೋ. ಆ ದಿನಗಳಲ್ಲಿ ಬೆಟ್ಟ ಹತ್ತಿದ್ದಿರೋ, ತೋಟ ಅಗೆದಿದ್ದಿರೋ. ಜೊತೆಗೆ ಸೇವಿಸುತ್ತಿರುವ ಎಲ್ಲ ಔಷಧಗಳ ಹೆಸರು, ಕಷಾಯ ಚೂರ್ಣಗಳೂ ಸೇರಿ. ಕೊನೆಯದಾಗಿ, ತಪ್ಪಿಸಿದ ದಿನಗಳಿದ್ದರೆ ಅವನ್ನೂ ಮುಚ್ಚಿಡದೆ ಬರೆಯಿರಿ. ಅಲ್ಲಿ ‘ಮಾತ್ರೆಯಿಂದ ನೋವು ಬಂತು’ ಎಂದು ತೀರ್ಪು ಬರೆಯುವುದು ಬೇಡ. ‘ಮಾತ್ರೆ ಆರಂಭಿಸಿದ ಮೇಲೆ ನೋವು ಬಂತು’ ಎಂದಷ್ಟೇ ಬರೆದರೆ ಸಾಕು. ‘ಮೇಲೆ’ ಎಂಬುದನ್ನು ಹೇಳುವ ಹಕ್ಕು ರೋಗಿಯದು. ಅದನ್ನು ಅವನಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಅದು ‘ಇಂದ’ ಆದೀತೆ ಇಲ್ಲವೆ ಎಂಬುದನ್ನು ವೈದ್ಯರೂ ರೋಗಿಯೂ ಕೂಡಿ ಕುಳಿತು ನಿರ್ಣಯಿಸಲಿ.